ಟ್ಯಾಲಿ ಪ್ರಕಾರ ನಾನು ಅಂಗಡಿಗೆ ಹೊರಗಿನವನು

2023ರ ಏಪ್ರಿಲ್ ಕೊನೇಲಿ ಇರ್ಬೇಕು, ಚಿಕ್ಕಪ್ಪನ ಮಗ ಮದ್ವೆಗೆ ಕರೆಯೋಕೆ ಮನೆಗೆ ಬಂದ. ಅಣ್ಣ ಅತ್ಗೆ ಇಬ್ರೂ ಎರಡು ದಿನ ಮುಂಚೇನೇ ಬರ್ಬೇಕು, ನಿಂತು ಮಾಡ್ಬೇಕು ಅಂತೆಲ್ಲ ಹೇಳಿ, ಅರಿಶಿನ ಹಚ್ಚಿದ ಕಾರ್ಡನ್ನ ಎರಡೂ ಕೈಲಿ ಕೊಟ್ಟ. ನಾನು ತಗೊಂಡು ಮಾಡಿದ ಮೊದಲನೇ ಕೆಲಸ ಏನು ಗೊತ್ತಾ, ಹುಡುಗಿ ಹೆಸ್ರು ಓದ್ಲಿಲ್ಲ, ತಾರೀಖು ನೋಡ್ಲಿಲ್ಲ, ಹೆಬ್ಬೆರಳಲ್ಲಿ ಅಂಚು ಸವರಿ ಎಷ್ಟು ದಪ್ಪ ಇದೆ ಅಂತ ನೋಡ್ದೆ. 300 ಜಿಎಸ್‌ಎಂ, ಮ್ಯಾಟ್ ಲ್ಯಾಮಿನೇಶನ್, ಗಣಪತಿಗೆ ಗೋಲ್ಡ್ ಫಾಯಿಲ್. ಆಮೇಲೆ ಹಿಂದೆ ತಿರುಗ್ಸಿ ಕೆಳಗಡೆ ಸಣ್ಣಕ್ಷರದಲ್ಲಿ ಪ್ರೆಸ್ ಹೆಸ್ರು ಇದ್ಯಾ ಅಂತ ಹುಡುಕ್ದೆ. ಬೆಂಗ್ಳೂರಲ್ಲಿ ಮಾಡ್ಸಿದ್ದು.

ಯಾಕೆ ಹುಡುಕ್ದೆ ಅಂದ್ರೆ ನಾನು ಶಿವಮೊಗ್ಗದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಕೊಂಡಿರೋನು, ಮದ್ವೆ ಕಾರ್ಡೇ ನಮ್ಮನೆ ಅನ್ನ, ಮತ್ತೆ ನಮ್ಮ ಸ್ವಂತ ಚಿಕ್ಕಪ್ಪನ ಮನೆ ಕಾರ್ಡು ಬೇರೆ ಕಡೆ ಅಚ್ಚಾಗಿ ನಮ್ಮನೆ ದೇವರ ಮುಂದೇನೇ ಬಂದು ಕೂತಿತ್ತು. ಅವ್ನು ಹೋದ್ಮೇಲೂ ನಾನು ಕಾರ್ಡನ್ನ ಲೈಟಿಗೆ ಹಿಡ್ಕೊಂಡು ಕಲರ್ ಎಲ್ಲಾದ್ರೂ ಜರುಗಿದ್ಯಾ ಅಂತ ನೋಡ್ತಾ ಕೂತಿದ್ದೆ. ಜರುಗಿರ್ಲಿಲ್ಲ, ಅದು ಇನ್ನೂ ಉರಿ. ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದ ನಮ್ಮ ಮನೆಯವ್ಳು ಹೇಳಿದ್ಲು: "ರೀ, ಅದು ಕರೆಯೋಲೆ, ಕೊಟೇಶನ್ ಅಲ್ಲ."

ಆ ಮದ್ವೆಗೆ ನಾನು ಹೋಗ್ಲಿಲ್ಲ. ಮಷೀನ್ ರಿಪೇರಿ ಅಂತ ಸುಳ್ಳು ಹೇಳ್ದೆ. ನಿಜ ಏನಂದ್ರೆ ಊಟದ ಪಂಕ್ತೀಲಿ ಪಕ್ಕದಲ್ಲಿ ಕೂತೋರು ಯಾರಾದ್ರೂ "ಹೇಗಿದೆಯಪ್ಪ ಬಿಸಿನೆಸ್ಸು?" ಅಂತ ಕೇಳೇ ಕೇಳ್ತಾರೆ, ಎಲೆ ಮೇಲೆ ಕೋಸಂಬರಿ ಬೀಳೋಕೆ ಮುಂಚೆ ಕೇಳ್ತಾರೆ, ಅದಕ್ಕೆ ಉತ್ತರ ಕೊಡೋಕೆ ನನ್ನತ್ರ ಏನೂ ಇರ್ಲಿಲ್ಲ. ಅದಕ್ಕಿಂತ ವಿಚಿತ್ರ ಅಂದ್ರೆ ಸುಮ್ನೆ "ಹೇಗಿದೀಯ?" ಅಂತ ಕೇಳಿದ್ರೂ ನಾನು ಬಿಸಿನೆಸ್ಸಿಂದೇ ಉತ್ತರ ಕೊಡ್ತಿದ್ದೆ. ಸೀಸನ್ ಇದ್ರೆ "ಪರ್ವಾಗಿಲ್ಲ, ಓಡ್ತಿದೆ". ಇಲ್ದಿದ್ರೆ "ಡಲ್ಲು". ಜ್ವರ ಬಂದು ಮಲಗಿದ್ದಾಗ ನಮ್ಮಕ್ಕ ಫೋನ್ ಮಾಡಿ ಹೇಗಿದೀಯೋ ಅಂದಾಗ್ಲೂ "ಡಲ್ಲು ಕಣಕ್ಕ, ಆರ್ಡರೇ ಇಲ್ಲ" ಅಂದಿದ್ದೆ, ಅವ್ಳು ನಿನ್ನ ಜ್ವರ ಕೇಳಿದ್ದು ಮಾರಾಯ ಅಂದ್ಲು.

ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. ಅಪ್ಪ ಟ್ರೆಡಲ್ ಮಷೀನಲ್ಲಿ ಶುರು ಮಾಡಿದ್ದು. ಒಂದೊಂದೇ ಅಚ್ಚಿನ ಮೊಳೆ, ಅಂದ್ರೆ ಸೀಸದ ಅಕ್ಷರ, ಜೋಡಿಸಿ, ಕಾಲಲ್ಲಿ ತುಳಿದು, ಸಿನಿಮಾ ಹ್ಯಾಂಡ್‌ಬಿಲ್ಲು, ಸೊಸೈಟಿ ರಸೀದಿ ಪುಸ್ತಕ, ಲಗ್ನಪತ್ರಿಕೆ. ಬೋರ್ಡ್ ಮೇಲೆ ಮನೆದೇವರ ಹೆಸ್ರು. 2014ರಲ್ಲಿ ಅಪ್ಪ ಹೋದ್ರು. 2018ರಲ್ಲಿ ನಾನು ಮುದ್ರಾ ಸಾಲ ತಗೊಂಡು, ಅದ್ರಲ್ಲಿ ಕಿಶೋರ್ ಅಂತ ಬರುತ್ತಲ್ಲ ಐದು ಲಕ್ಷದವರೆಗಿನದು, ಅದ್ರಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಆಫ್‌ಸೆಟ್ ಮಷೀನ್ ಹಾಕ್ಸಿದೆ. ಆಯುಧಪೂಜೆ ದಿನ ಅದಕ್ಕೆ ಕುಂಬಳಕಾಯಿ ಒಡೆದಾಗ ನನಗೆ ಆಗಿದ್ದ ಹೆಮ್ಮೆ ಇದ್ಯಲ್ಲ, ಮಗಳು ಹುಟ್ಟಿದಾಗ್ಲೂ ಅಷ್ಟು ಎದೆ ಉಬ್ಬಿರ್ಲಿಲ್ಲ ಅಂತ ಈಗ ಹೇಳೋಕೆ ನಾಚ್ಕೆ ಆಗುತ್ತೆ.

ಊರಲ್ಲಿ ನನಗೆ ಹೆಸ್ರೇ ಇಲ್ಲ. ಎಲ್ಲರ ಫೋನಲ್ಲೂ ನಾನು "ಪ್ರೆಸ್ಸಣ್ಣ". ಕೊರಿಯರ್ ಹುಡ್ಗ, ತರಕಾರಿಯವ್ಳು, ಮಗಳ ಸ್ಕೂಲಿನ ಟೀಚರ್ ಕೂಡ. ಬಹಳ ವರ್ಷ ಅದು ಇಷ್ಟಾನೇ ಆಗಿತ್ತು.

ಆಮೇಲೆ 2020. ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿ ಹಬ್ಬ. ನಮಗೆ ಯುಗಾದಿ ಆದ್ಮೇಲೇನೇ ನಿಜವಾದ ಸೀಸನ್ನು, ಏಪ್ರಿಲ್ ಮೇ ಎರಡು ತಿಂಗಳಲ್ಲಿ ದುಡಿದಿದ್ದು ವರ್ಷದ ಅರ್ಧ ಹೊಟ್ಟೆ ತುಂಬ್ಸುತ್ತೆ. ಆ ಟೈಮಿಗೆ ಅಚ್ಚಾಗಿ ಕಟ್ಟಿಟ್ಟಿದ್ದ ಕಾರ್ಡ್ ಬಂಡಲ್ಲುಗಳನ್ನ ತಗೊಂಡು ಹೋಗೋಕೆ ಯಾರೂ ಬರ್ಲಿಲ್ಲ, ಬರೋಕೂ ಆಗ್ತಿರ್ಲಿಲ್ಲ, ಮದ್ವೆಗೆ ಐವತ್ತೇ ಜನ ಅಂದ್ರು, ಐವತ್ತು ಜನಕ್ಕೆ ಯಾರು ಕಾರ್ಡ್ ಮಾಡಿಸ್ತಾರೆ, ವಾಟ್ಸಾಪಲ್ಲಿ ಒಂದು ಫೋಟೋ ಹಾಕಿದ್ರೆ ಮುಗೀತು. ಬಾಕಿ ದುಡ್ಡು ಕೇಳೋಕೆ ನನಗೂ ಬಾಯಿ ಬರ್ಲಿಲ್ಲ. ಆ ಬಂಡಲ್ಲುಗಳು ಇವತ್ತಿಗೂ ಅಟ್ಟದ ಮೇಲಿವೆ, ನಡೀದೇ ಹೋದ ಮುಹೂರ್ತಗಳ ಜೊತೆ. ಆರು ತಿಂಗಳು ಕಂತು ಕಟ್ಟೋದು ಬೇಡ ಅಂತ ರಿಸರ್ವ್ ಬ್ಯಾಂಕ್ ಹೇಳ್ತು, ಬಡ್ಡಿ ಮಾತ್ರ ಅದರ ಪಾಡಿಗೆ ಅದು ಓಡ್ತಾ ಇತ್ತು. 2021, 22ರಲ್ಲಿ ಪೇಪರ್ ರೇಟ್ ಏರ್ತಾ ಹೋಯ್ತು, ಬೆಳಿಗ್ಗೆ ಹೇಳಿದ ರೇಟು ಸಾಯಂಕಾಲಕ್ಕೆ ನಷ್ಟ. ಇದೆಲ್ಲ ನನ್ನ ತಪ್ಪಲ್ಲ ಅಂತ ಯಾರು ಬೇಕಾದ್ರೂ ಹೇಳ್ತಾರೆ, ನನಗೂ ಗೊತ್ತಿತ್ತು. ಆದ್ರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ತಲೇಲಿ ಬರೋದು ಪೇಪರ್ ರೇಟಲ್ಲ. "ಅಪ್ಪ ಕಟ್ಟಿದ್ದನ್ನ ಇವ್ನು ಕೆಡಿಸ್ದ" ಅನ್ನೋದು ಬರುತ್ತೆ.

ಆ ಮಾತನ್ನ ಒಬ್ರು ಎದುರಿಗೇ ಹೇಳಿಬಿಟ್ರು. ಒಂದು ಕಾರ್ಡಲ್ಲಿ ತಾರೀಖು ಸರಿ ಇತ್ತು, ವಾರ ತಪ್ಪಾಗಿತ್ತು, ಗುರುವಾರದ ಜಾಗದಲ್ಲಿ ಶುಕ್ರವಾರ. ಹಳೇ ಫೈಲ್ ತೆಗೆದು ಹೊಸ ಹೆಸ್ರು ಕೂರ್ಸುವಾಗ ವಾರ ಬದಲಾಯಿಸೋಕೆ ಮರೆತಿದ್ದು, ನನ್ನ ಕೈಯ್ಯಿಂದಲೇ ಆಗಿದ್ದು. ಪ್ರೂಫ್ ಅವ್ರಿಗೆ ವಾಟ್ಸಾಪ್ ಮಾಡಿದ್ದೆ, ಓಕೆ ಅಂತ ಹೆಬ್ಬೆಟ್ಟೂ ಒತ್ತಿದ್ರು, ಆದ್ರೆ ಆ ಹೆಬ್ಬೆಟ್ಟನ್ನ ತೋರಿಸಿ ವಾದ ಮಾಡೋ ಹೊತ್ತಲ್ಲ ಅದು. ಅಂಗಡಿ ತುಂಬ ಜನ ಇದ್ದಾಗ ಹುಡುಗಿ ಅಪ್ಪ ಕಾರ್ಡನ್ನ ಟೇಬಲ್ ಮೇಲೆ ಎಸೆದು "ನಿಮ್ಮಪ್ಪನ ಕಾಲದಲ್ಲಿ ಹೀಗಾಗ್ತಿರ್ಲಿಲ್ಲ ಕಣಯ್ಯ" ಅಂದ್ರು. ರಾತ್ರಿ ಕೂತು 500 ಕಾರ್ಡ್ ಮತ್ತೆ ಹೊಡೆದು ಕೊಟ್ಟೆ, ಪೇಪರ್ರು ಪ್ಲೇಟು ಎಲ್ಲ ಕೈಯ್ಯಿಂದ. ದುಡ್ಡು ಹೋಗಿದ್ದು ಒಂದು ವಾರಕ್ಕೆ ಮರೀತು, ಆ ಮಾತು ಮಾತ್ರ ಹಲ್ಲಿನ ಸಂದೀಲಿ ಸಿಕ್ಕಿದ ಮಾವಿನ ನಾರಿನ ಹಾಗೆ ತಿಂಗಳುಗಟ್ಲೆ ಇತ್ತು.

ನಮ್ಮಲ್ಲಿ ಅಪ್ಪನ ಕಾಲದಿಂದ ಇದ್ದ ಕಂಪೋಸಿಟರ್, ಅಂದ್ರೆ ಮೊಳೆ ಜೋಡಿಸ್ತಿದ್ದ ಅಜ್ಜ ಒಬ್ರಿದಾರೆ, ಈಗ ಕೆಲ್ಸ ಏನಿಲ್ಲ, ದಿನಾ ಹನ್ನೊಂದು ಗಂಟೆಗೆ ಬಂದು ಪೇಪರ್ ಓದಿ ಟೀ ಕುಡಿದು ಹೋಗ್ತಾರೆ. ಅವ್ರ ಹತ್ರ ಇದನ್ನ ಹೇಳ್ಕೊಂಡೆ. ಅಜ್ಜ ಬಿದ್ದು ಬಿದ್ದು ನಕ್ರು. ಅಪ್ಪ ಒಂದ್ಸಲ ಗಂಡಿನ ಹೆಸ್ರು ಇರೋ ಕಡೆ ಗಂಡಿನ ತಂದೆ ಹೆಸ್ರು ಹಾಕಿ ಅಚ್ಚು ಹೊಡೆದಿದ್ರಂತೆ. ಅಂದ್ರೆ ಮಾವನ ಜೊತೇನೇ ಮದ್ವೆ. ಇಡೀ ರಾತ್ರಿ ಅಪ್ಪ, ಅಜ್ಜ, ನಮ್ಮಮ್ಮ ಮೂರೂ ಜನ ಕೂತು ಮೇಲೆ ಚೀಟಿ ಅಂಟಿಸಿದ್ರಂತೆ. "ನಿಮ್ಮಪ್ಪ ಆಮೇಲೆ ಏನಂದ್ರು?" ಅಂತ ನಾನೇ ತಪ್ಪಾಗಿ ಕೇಳಿಬಿಟ್ಟೆ ಅಜ್ಜಂಗೆ, ನಮ್ಮಪ್ಪ ಅನ್ನೋಕೆ ಹೋಗಿ. ಅಜ್ಜ ಹೇಳಿದ್ರು, "ಏನಂತಾನೆ, ಅಂಟು ಖಾಲಿ ಆಯ್ತು ಅಂದ."

ನಲವತ್ತು ವರ್ಷ ನಮ್ಮನೇಲಿ ಈ ಕಥೆ ಯಾರೂ ಹೇಳೇ ಇರ್ಲಿಲ್ಲ. ಹೋದವರ ಅಂಗಡೀಲಿ ತಪ್ಪುಗಳು ಮೊದ್ಲು ಸಾಯ್ತವೆ, ಉಳಿಯೋದು ಬೋರ್ಡು ಮಾತ್ರ, ಆ ಬೋರ್ಡಿನ ಜೊತೆ ನಾವು ಕಾಂಪಿಟೇಶನ್ ಮಾಡ್ತಾ ಇರ್ತೀವಿ.

ಮದ್ವೆ ಕಾರ್ಡಿನ ಕೆಲಸ ಇರೋರ ಮನಸ್ಸು ಪಂಚಾಂಗದ ಪ್ರಕಾರ ಓಡುತ್ತೆ. ಆಷಾಢದಲ್ಲಿ ಮದ್ವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಅಧಿಕ ಮಾಸ ಬಂದ್ರೆ ಅದರಲ್ಲೂ ಇಲ್ಲ. ಇದು ಸಾವಿರಾರು ವರ್ಷದಿಂದ ಹಾಗೇ ಇರೋದು, ಆದ್ರೂ ಪ್ರತಿ ಆಷಾಢದಲ್ಲೂ ನಾನು ಅಂಗಡೀಲಿ ಸುಮ್ನೆ ಕೂತು "ನಾನು ನಾಲಾಯಕ್ಕು" ಅಂತ ತೀರ್ಮಾನ ಮಾಡ್ತಿದ್ದೆ, ಶ್ರಾವಣ ಬಂದು ಫೋನ್ ರಿಂಗಾಗೋಕೆ ಶುರುವಾದ್ರೆ "ಛೇ, ನಾನೇನು ಕಮ್ಮಿ" ಅನ್ನಿಸೋದು. ನಗು ಬರುತ್ತಲ್ವಾ. ಆವಾಗ ಬರ್ತಿರ್ಲಿಲ್ಲ. 2023ರಲ್ಲಂತೂ ಜುಲೈ ಮಧ್ಯದಲ್ಲಿ ಆಷಾಢ ಮುಗೀತಪ್ಪ ಅಂತ ಉಸಿರು ಬಿಡೋಷ್ಟರಲ್ಲಿ ಅಧಿಕ ಶ್ರಾವಣ ವಕ್ಕರಿಸ್ತು, ಜುಲೈ 18ರಿಂದ ಆಗಸ್ಟ್ 16. ಎರಡು ತಿಂಗಳು ಮಷೀನ್ ಮೇಲೆ ಬಟ್ಟೆ ಹೊದ್ದಿಸಿಯೇ ಇತ್ತು. ಬಿಲ್ ಬುಕ್ಕು, ಲೆಟರ್‌ಹೆಡ್ಡು ಅಂತ ಸಣ್ಣಪುಟ್ಟದ್ದು ಬಿಟ್ರೆ ಏನಿಲ್ಲ.

ಆ ಟೈಮಲ್ಲಿ ನನಗೆ ಪದೇ ಪದೇ ನೆನಪಾಗ್ತಿದ್ದಿದ್ದು ಕಾಫಿ ಡೇ ಸಿದ್ಧಾರ್ಥ ಅವ್ರು. 2019ರ ಜುಲೈ ಕೊನೇಲಿ ನೇತ್ರಾವತಿ ಹತ್ರ ಕಾಣೆಯಾದ್ರು ಅಂತ ಸುದ್ದಿ ಬಂದಾಗ ನಮ್ಮ ಬೀದಿಯ ಟೀ ಅಂಗಡೀಲಿ ಅಂಗಡಿಕಾರರೆಲ್ಲ ಗುಂಪಾಗಿ ಮೊಬೈಲ್ ನೋಡ್ತಾ ನಿಂತಿದ್ವಿ. ಪಕ್ಕದ ಚಿಕ್ಕಮಗಳೂರಿನವ್ರು, ನಮ್ಮ ಮಲ್ನಾಡಿನವ್ರು ಅನ್ನೋ ಸಲಿಗೆ ಬೇರೆ. ಅವರದ್ದು ಅಂತ ಹೊರಗೆ ಬಂದ ಪತ್ರದಲ್ಲಿ ಉದ್ಯಮಿಯಾಗಿ ನಾನು ಸೋತೆ ಅನ್ನೋ ಅರ್ಥದ ಮಾತಿತ್ತು. ಸಾವಿರಾರು ಜನಕ್ಕೆ ಕೆಲ್ಸ ಕೊಟ್ಟೋರು. ಅವತ್ತು ನಾವೆಲ್ಲ ಸಾಲ, ಟ್ಯಾಕ್ಸು ಅಂತ ಮಾತಾಡಿದ್ವಿ. ನಾಲ್ಕು ವರ್ಷ ಆದ್ಮೇಲೆ, ಬಟ್ಟೆ ಹೊದ್ದ ಮಷೀನ್ ಎದುರು ಕೂತಾಗ, ನನಗೆ ಆ ವಾಕ್ಯದ ಮೊದಲ ಪದ ಕಾಣ್ತು. "ಉದ್ಯಮಿಯಾಗಿ". ಸೋತಿದ್ದು ಅಷ್ಟೇ ಅಂತ ಅದರಲ್ಲೇ ಇತ್ತಲ್ಲ. ಮಿಕ್ಕಿದ ಮನುಷ್ಯನನ್ನ ಯಾರೂ ಸೋಲಿಸಿರ್ಲಿಲ್ಲ. ಆದ್ರೆ ಆ ಗೆರೆ ಓದೋರಿಗೆ ಕಾಣುತ್ತೆ, ಒಳಗೆ ಇರೋರಿಗೆ ಕಾಣಲ್ಲ, ಇದು ಕೋಟಿ ಲೆಕ್ಕದಲ್ಲೂ ಹಾಗೇ, ನಮ್ಮ ಸಾವಿರದ ಲೆಕ್ಕದಲ್ಲೂ ಹಾಗೇ.

ಆ ಆಗಸ್ಟಲ್ಲಿ ಒಂದು ರಾತ್ರಿ ನಾನು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಯಾಕೆ ಹೇಳ್ತಿದೀನಿ ಅಂದ್ರೆ ಇದನ್ನ ಓದೋರಲ್ಲಿ ಯಾರಾದ್ರೂ ಅಂಗಡಿ ಶಟರ್ ಒಳಗಡೆಯಿಂದ ಎಳ್ಕೊಂಡು ಕೂತಿರ್ಬಹುದು, ನಂಬರ್ ಗೊತ್ತಿರ್ಲಿ. ಆ ಕಡೆ ಇದ್ದ ಹೆಣ್ಮಗಳು ಮೊದ್ಲು ಊಟ ಆಯ್ತಾ ಕೇಳಿದ್ರು. ನಾನು ಹತ್ತು ನಿಮಿಷ ಅಧಿಕ ಮಾಸ, ಪೇಪರ್ ರೇಟು, ವಾಟ್ಸಾಪ್ ಇನ್ವಿಟೇಶನ್ನು, ಮುದ್ರಾ ಕಂತು ಎಲ್ಲ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಅವ್ರು ಅಂದ್ರು, "ಸರ್, ಅಂಗಡಿ ವಿಷ್ಯ ಅರ್ಥ ಆಯ್ತು. ಈಗ ಅಂಗಡಿ ಬಿಟ್ಟು ನಿಮ್ಮ ಬಗ್ಗೆ ಸ್ವಲ್ಪ ಹೇಳಿ."

ಒಂದು ನಿಮಿಷ ನನ್ನ ಬಾಯಲ್ಲಿ ಮಾತೇ ಬರ್ಲಿಲ್ಲ. ಲೈನ್ ಕಟ್ ಆಯ್ತೇನೋ ಅಂತ ಅವ್ರು ಹಲೋ ಹಲೋ ಅಂದ್ರು. ಕೊನೆಗೆ "ನನಗೆ ಹಲಸಿನ ಹಣ್ಣಿನ ಕಡುಬು ಇಷ್ಟ" ಅಂದೆ. ನಲವತ್ತೈದು ವರ್ಷದ ಗಂಡಸು, ಹೇಳೋಕೆ ಸಿಕ್ಕಿದ್ದು ಕಡುಬು. ಆದ್ರೆ ಆ ಹೆಣ್ಮಗಳು ನಗ್ಲಿಲ್ಲ, ಯಾರು ಮಾಡ್ತಿದ್ರು ಅಂತ ಕೇಳಿದ್ರು, ಅಜ್ಜಿ ಮಾಡ್ತಿದ್ರು ಅಂದೆ, ಬಾಳೆ ಎಲೇಲಿ, ಮೇಲೆ ತುಪ್ಪ, ಅಂತ ಏನೇನೋ ಹೇಳ್ತಾ ಹೋದೆ, ಅವತ್ತು ನಿದ್ದೆ ಬಂತು.

ಇಷ್ಟಾದ್ಮೇಲೂ ನನಗೆ ಅಂಗಡಿ ಬೇರೆ ನಾನು ಬೇರೆ ಅನ್ನೋದು ತಲೆಗೆ ಹೋಗಿದ್ದು ಇಂಥ ದೊಡ್ಡ ಜಾಗದಲ್ಲಲ್ಲ, ನಮ್ಮ ಆಡಿಟರ್ ಆಫೀಸಲ್ಲಿ.

ಪ್ರೊಪ್ರೈಟರ್‌ಶಿಪ್ ಇರೋರಿಗೆ, ಅಂದ್ರೆ ಒಬ್ರೇ ಮಾಲೀಕರಾಗಿ ಅಂಗಡಿ ನಡೆಸೋರಿಗೆ ಗೊತ್ತಿರುತ್ತೆ, ಕಾನೂನಿನಲ್ಲಿ ನೀವೇ ಅಂಗಡಿ. ಅಂಗಡಿಗೆ ಬೇರೆ ಪ್ಯಾನ್ ಕಾರ್ಡೇ ಇಲ್ಲ. ನಿಮ್ಮ ಜಿಎಸ್‌ಟಿ ನಂಬರ್ ತೆಗೆದು ನೋಡಿ, 15 ಅಕ್ಷರ ಇರುತ್ತೆ, ಮೊದ್ಲು 29 ಅಂದ್ರೆ ಕರ್ನಾಟಕ, ಆಮೇಲಿನ ಹತ್ತು ಅಕ್ಷರ ನಿಮ್ಮದೇ ಪ್ಯಾನು. ಅಂಗಡಿ ಸಾಲ ಮಾಡಿದ್ರೆ ಬ್ಯಾಂಕಿನವ್ರು ಬರೋದು ಮನೆಗೇ. ನಾನು ಪ್ರತಿ ಬಿಲ್ಲಲ್ಲೂ ಆ ನಂಬರ್ ಅಚ್ಚು ಹೊಡೀತೀನಿ, ನನ್ನನ್ನ ನಾನೇ ಅಂಗಡಿ ಒಳಗೆ ಅಚ್ಚು ಹಾಕ್ಕೊಂಡ ಹಾಗೆ. ಅದಕ್ಕೇ ಯಾರಾದ್ರೂ ಈ ಮೋಟಿವೇಶನ್ ವಿಡಿಯೋಗಳಲ್ಲಿ ವರ್ಕು ಬೇರೆ ಲೈಫು ಬೇರೆ ಅಂತ ಹೇಳಿದ್ರೆ ನನಗೆ ಸಿಟ್ಟು ಬರುತ್ತೆ, ಸಂಬಳದ ಕೆಲಸದವ್ರು ಹೇಳೋ ಮಾತು ಅದು, ಆರು ಗಂಟೆಗೆ ಎದ್ದು ಹೋಗೋಕೆ ಬರೋರ ಮಾತು.

2024ರಲ್ಲಿ ಬ್ಯಾಂಕಿಗೆ ಬ್ಯಾಲೆನ್ಸ್ ಶೀಟ್ ಬೇಕಾಗಿ ಆಡಿಟರ್ ಹತ್ರ ಹೋಗಿದ್ದೆ. ಅವ್ರಿರ್ಲಿಲ್ಲ, ಅಲ್ಲಿ ಕೆಲ್ಸ ಕಲೀತಿದ್ದ ಹುಡುಗಿ ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಟ್ಯಾಲಿ ಓಪನ್ ಮಾಡಿ ತೋರಿಸ್ತು. ಎಡಗಡೆ ಲಯಬಿಲಿಟೀಸ್ ಅಂತ ಇದ್ಯಲ್ಲ, ಅಂದ್ರೆ ಅಂಗಡಿ ಕೊಡ್ಬೇಕಾಗಿರೋ ಬಾಕಿ, ಅದ್ರಲ್ಲಿ ಬ್ಯಾಂಕ್ ಸಾಲಕ್ಕಿಂತ ಮೇಲೆ ನನ್ನ ಹೆಸ್ರು, ಕ್ಯಾಪಿಟಲ್ ಅಕೌಂಟ್ ಅಂತ.

"ಏನಮ್ಮ, ಇದು ನನ್ನ ದುಡ್ಡು, ಅದು ಹೇಗೆ ಸಾಲ ಆಗುತ್ತೆ?" ಅಂದೆ.

"ಅಂಗಡಿ ನಿಮಗೆ ಕೊಡ್ಬೇಕಾಗಿರೋದು ಸರ್ ಅದು."

"ಅಂಗಡೀನೇ ನಾನಲ್ವೇನಮ್ಮ?"

"ಇನ್‌ಕಮ್ ಟ್ಯಾಕ್ಸಿಗೆ ಹೌದು ಸರ್. ಲೆಕ್ಕದಲ್ಲಿ ಇಲ್ಲ. ಲೆಕ್ಕದಲ್ಲಿ ನೀವು ಅಂಗಡಿಗೆ ಹೊರಗಿನವ್ರು. ಬ್ಯಾಂಕ್ ಹೇಗೋ ನೀವೂ ಹಾಗೇ. ನೀವು ಮನೆ ಖರ್ಚಿಗೆ ತಗೊಂಡ್ರೆ ಡ್ರಾಯಿಂಗ್ಸ್ ಅಂತ ಬರುತ್ತೆ ನೋಡಿ." ಇಷ್ಟು ಹೇಳಿ ಆ ಹುಡುಗಿ ಪ್ರಿಂಟ್ ಕೊಡೋಕೆ ಎದ್ದು ಹೋಯ್ತು, ಪ್ರಿಂಟರ್ ಅಲ್ಲಿ ಪೇಪರ್ ಜಾಮ್ ಆಗಿತ್ತು, ನಾನೇ ಹೋಗಿ ತೆಗೆದುಕೊಟ್ಟೆ.

ಹೊರಗಿನವ್ರು! ಹದಿನೈದು ವರ್ಷದಿಂದ ಅಂಗಡಿ ಬೀಗದ ಕೈ ಸೊಂಟದಲ್ಲಿ ಇಟ್ಕೊಂಡು ಮಲಗಿದೋನು ನಾನು. ಗಾಡೀಲಿ ವಾಪಸ್ ಬರ್ತಾ ತುಂಗಾ ಸೇತುವೆ ಮೇಲೆ ನಗು ಬಂತು. ಅಪ್ಪ ಲೆಕ್ಕ ಬರೀತಿದ್ದಿದ್ದೇ ಕ್ಯಾಲೆಂಡರ್ ಹಿಂದೆ, ನಾನು ಬರೀತಿದ್ದಿದ್ದು ತಲೇಲಿ. ಗಲ್ಲಾಪೆಟ್ಟಿಗೇನೂ ಜೇಬೂ ಒಂದೇ, ಅಂಗಡಿ ಗೂಗಲ್ ಪೇನೂ ಮನೆ ಗೂಗಲ್ ಪೇನೂ ಒಂದೇ, ಹಾಲಿನವ್ನಿಗೆ ಕೊಟ್ಟಿದ್ದೂ ಇಂಕಿಗೆ ಕೊಟ್ಟಿದ್ದೂ ಅದರಿಂದಲೇ. ಗಲ್ಲಾ ಖಾಲಿ ಆದ್ರೆ ನಾನು ಖಾಲಿ ಅನ್ನಿಸ್ದೆ ಇನ್ನೇನಾಗುತ್ತೆ.

ಬ್ಯಾಂಕಲ್ಲಿ ಅಂಗಡಿಗೆ ಒಂದು ಕರೆಂಟ್ ಅಕೌಂಟ್ ಮಾಡ್ಸಿದೆ, ಕ್ಯೂಆರ್ ಕೋಡು ಬದಲಾಯಿಸಿದೆ. ಪ್ರತಿ ತಿಂಗಳು 5ನೇ ತಾರೀಖು ಅದರಿಂದ ನನ್ನ ಅಕೌಂಟಿಗೆ 18,000. ಸೀಸನ್ನಲ್ಲೂ ಅಷ್ಟೇ, ಆಷಾಢದಲ್ಲೂ ಅಷ್ಟೇ. ಪ್ರೊಪ್ರೈಟರ್ ತನಗೆ ತಾನೇ ಸಂಬಳ ತಗೊಂಡ್ರೆ ಟ್ಯಾಕ್ಸಲ್ಲಿ ಅದನ್ನ ಖರ್ಚು ಅಂತ ತೋರಿಸೋ ಹಾಗಿಲ್ಲ, ಡ್ರಾಯಿಂಗ್ಸೇ ಅದು, ನನಗೇನೂ ಲಾಭ ಇಲ್ಲ. ಆದ್ರೆ ಮೇ ತಿಂಗಳಲ್ಲಿ ಅಂಗಡಿ ಚೆನ್ನಾಗಿ ದುಡಿದಾಗ ನನ್ನ ಅಕೌಂಟಿಗೆ ಅದೇ 18,000 ಬಂತು, ನಾನೇನು ದೊಡ್ಡ ಮನುಷ್ಯ ಆಗ್ಲಿಲ್ಲ. ಜುಲೈಯಲ್ಲಿ ಅಂಗಡಿ ಮಲಗಿದಾಗ್ಲೂ ಅದೇ ಬಂತು, ಮೇನಲ್ಲಿ ಉಳಿದಿದ್ದರಿಂದ. ಮನೆಯವ್ಳು ಕೇಳಿದ್ಲು, ಈ ಆಷಾಢ ನೀವ್ಯಾಕೆ ಸಾಂಬಾರಿಗೆ ಉಪ್ಪು ಕಮ್ಮಿ ಅಂತ ಕಿರುಚ್ಲಿಲ್ಲ ಅಂತ.

ಪೂರ್ತಿ ಗುಣ ಆಗಿದೆ ಅಂತ ಅಲ್ಲ. ಮಷೀನ್ ಸದ್ದು ಇದ್ದಕ್ಕಿದ್ದ ಹಾಗೆ ನಿಂತ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ. ಎದುರುಗಡೆ ಹೊಸ ಡಿಜಿಟಲ್ ಪ್ರೆಸ್ ಆಗಿದೆ, ಅಲ್ಲಿ ಜನ ನಿಂತಿರೋದನ್ನ ಲೆಕ್ಕ ಹಾಕ್ತೀನಿ, ಮೊನ್ನೆ ಏಳು ಜನ ಇದ್ರು. ಮತ್ತೆ ಈ ಕಾಯಕವೇ ಕೈಲಾಸ ಅನ್ನೋದು ಇದೆಯಲ್ಲ, ಎಷ್ಟು ಕ್ಯಾಲೆಂಡರ್ ಮೇಲೆ ಅದನ್ನ ಅಚ್ಚು ಹೊಡೆದಿದೀನೋ ಲೆಕ್ಕ ಇಲ್ಲ, ನಮ್ಮಂಥೋರು ಅದನ್ನ ಟರ್ನೋವರೇ ಕೈಲಾಸ ಅಂತ ಓದ್ಕೊಂಡುಬಿಟ್ಟಿದೀವಿ. ಆಯ್ದಕ್ಕಿ ಮಾರಯ್ಯನ ಕಥೇಲಿ ಅವ್ರು ಒಂದಿನ ದಿನಕ್ಕಿಂತ ಜಾಸ್ತಿ ಅಕ್ಕಿ ಆರಿಸ್ಕೊಂಡು ಬಂದ್ರೆ ಹೆಂಡ್ತಿ ಲಕ್ಕಮ್ಮ ವಾಪಸ್ ಸುರಿದು ಬನ್ನಿ ಅಂತ ಕಳಿಸ್ತಾಳೆ. ನಮ್ಮನೇಲಿ ಹಾಗೇನಾದ್ರೂ ಆದ್ರೆ ನಾನಂತೂ ವಾಪಸ್ ಸುರಿಯಲ್ಲ, ಕಂತಿದೆ.

ಭದ್ರಾವತಿ ಮಾವನ ವಿಷ್ಯ ಹೇಳ್ದೆ ಮುಗಿಸೋಕೆ ಆಗಲ್ಲ. ಮಾವ ಎಂಪಿಎಂನಲ್ಲಿ, ಅಂದ್ರೆ ಮೈಸೂರು ಪೇಪರ್ ಮಿಲ್ಸಲ್ಲಿ ಇದ್ದೋರು. 1936ರಲ್ಲಿ ಮಹಾರಾಜರ ಕಾಲದಲ್ಲಿ ಆಗಿದ್ದ ಪೇಪರ್ ಮಿಲ್ಲು, 2015ರಲ್ಲಿ ಉತ್ಪಾದನೆ ನಿಂತ್ಹೋಯ್ತು. ಪೇಪರ್ ಟೌನಲ್ಲಿ ಬೆಳೆದೋರಿಗೆ ಅದು ಬರೀ ಕೆಲಸ ಅಲ್ಲ, ಅಡ್ರೆಸ್ಸು, ಹೆಣ್ಣು ಕೊಡೋವಾಗ ಹೇಳ್ತಿದ್ದ ಹೆಸ್ರು. ಎರಡು ವರ್ಷ ಮಾವ ಮದ್ವೆ ಮುಂಜಿಗೆಲ್ಲ ಬರೋದು ನಿಲ್ಸಿದ್ರು. ನಾನು ಆಗ ಏನಂದ್ಕೊಂಡಿದ್ದೆ ಅಂದ್ರೆ, ಮಿಲ್ ನಿಂತ್ರೆ ಇವ್ರ್ಯಾಕೆ ನಾಚ್ಕೋಬೇಕು. ನನ್ನ ಸರದಿ ಬಂದಾಗ ಉತ್ತರ ಸಿಕ್ತು.

ಈಗ ಮಾವ ಶಿವಮೊಗ್ಗಕ್ಕೆ ಬಂದಾಗೆಲ್ಲ ಅಂಗಡಿಗೆ ಬರ್ತಾರೆ. ಬಂದ ತಕ್ಷಣ ಯಾವುದಾದ್ರೂ ರೀಮಿಂದ ಒಂದು ಹಾಳೆ ಎಳೆದು, ಒಂದ್ಸಲ ಉದ್ದಕ್ಕೆ ಹರೀತಾರೆ, ಒಂದ್ಸಲ ಅಡ್ಡಕ್ಕೆ. ನೆಟ್ಟಗೆ ಹರಿದ ಕಡೆ ನಾರಿನ ದಿಕ್ಕು, ಸೊಟ್ಟಗೆ ಹರಿದ್ರೆ ಅಡ್ಡ. ಆಮೇಲೆ ಬೆಳಕಿಗೆ ಹಿಡಿದು ಮೋಡ ಮೋಡ ಕಾಣ್ತಿದ್ಯಾ ನೋಡ್ತಾರೆ. "ಇದು ಮಡಚಿದ್ರೆ ಸಿಡಿಯುತ್ತೆ ಕಣೋ, ಕಾರ್ಡಿಗೆ ಹಾಕ್ಬೇಡ" ಅಂತಾರೆ. ಒಂದ್ಸಲಾನೂ ತಪ್ಪಾಗಿಲ್ಲ. ಮಿಲ್ ನಿಂತು ಹತ್ತು ವರ್ಷ ಆಯ್ತು, ಬೆರಳು ನಿಂತಿಲ್ಲ. ಅದಕ್ಕೆ ಯಾರೂ ಸಂಬಳ ಕೊಡಲ್ಲ, ಒಂದು ಟೀ ಕೊಡ್ತೀನಿ ಅಷ್ಟೇ, ನನ್ನ ಪೇಪರ್ ಹಾಳು ಮಾಡ್ತಾರೆ ಅಂತ ಬೈಕೊಂಡೇ ಕೊಡ್ತೀನಿ.

ಈಗ ಕ್ಯಾಲೆಂಡರ್ ಕೆಲ್ಸ ಶುರುವಾಗಿದೆ, 2026ರದ್ದು. ಮೊನ್ನೆ ಪ್ರೂಫ್ ನೋಡ್ತಾ ಇದ್ದಾಗ ಮೇ 17ರಿಂದ ಜೂನ್ 15 ಅಧಿಕ ಜ್ಯೇಷ್ಠ ಅಂತ ಕಾಣ್ತು. ಸರಿಯಾಗಿ ಸೀಸನ್ ಮಧ್ಯ. ಅಜ್ಜಂಗೆ ತೋರಿಸಿದೆ, ಲೊಚ್ ಅಂದ್ರು. ನಾನು ಮೇ 5 ಮತ್ತೆ ಜೂನ್ 5ರ ಪಕ್ಕ ಪೆನ್ಸಿಲಲ್ಲಿ ಡ್ರಾಯಿಂಗ್ಸ್ 18,000 ಅಂತ ಬರೆದು, ಕರಡಿನ ಆ ಪುಟಾನ ಪ್ಲೇಟಿಗೆ ಕಳಿಸದೆ ಗೋಡೆಗೆ ಅಂಟಿಸಿದೆ.

ಅಷ್ಟರಲ್ಲಿ ಚಿಕ್ಕಪ್ಪನ ಮಗನ ಫೋನು. ಗಂಡು ಮಗು ಆಗಿದೆ, ನಾಮಕರಣಕ್ಕೆ ಕಾರ್ಡ್ ಮಾಡಿಸ್ಬೇಕು, ನಿನ್ನ ಹತ್ರಾನೇ ಮಾಡಿಸ್ತೀನಿ ಅಣ್ಣ, ಎಷ್ಟಾಗುತ್ತೆ ಅಂದ. ರೇಟ್ ಹೇಳ್ದೆ. ಸ್ವಲ್ಪ ನೋಡ್ಕೊಂಡು ಹೇಳಣ್ಣ ಅಂದ. ಅಂಗಡಿ ರೇಟ್ ಅದೇ ಕಣೋ, ಕಮ್ಮಿ ಆಗಲ್ಲ, ಮಗು ಯಾರ ಹಾಗಿದೆ ಅದು ಹೇಳು ಮೊದ್ಲು ಅಂದೆ.